ಹುಳುಮನೆಯ ಪಕ್ಕದ ಮಂಚ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ಟ್ರ್ಯಾಕ್ಟರಿನ ಟ್ರೇಲರ್ ಹತ್ತಿ ಫೋಟೊ ತೆಗೆದು ಕೆಳಕ್ಕೆ ಹಾರಿದೆ. ಎಡಗಾಲು ಎರಡು ಕ್ರೇಟುಗಳ ನಡುವೆ ಸಿಕ್ಕಿಕೊಂಡಿತು, ಮೈ ಮಾತ್ರ ತಿರುಗಿತು. ಮೊಣಕಾಲಿನೊಳಗೆ ಟಪ್ ಎಂದದ್ದು ನನಗೆ ಕೇಳಿಸಿತು. ಪಕ್ಕದಲ್ಲೇ ಹರಾಜು ಕೂಗುತ್ತಿದ್ದವರಿಗೆ ಕೇಳಿಸಲಿಲ್ಲ. ಉಳುಕಿರಬೇಕು ಎಂದುಕೊಂಡು ಪತ್ರಿಕೆಗೆ ಅಂದಿನ ವರದಿ ಕಳಿಸಿದೆ. ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಕೆಲವು ವಾರ ಓಡಾಡಿದೆ. ಒಂದು ದಿನ ಮಾಲೂರು ರೈಲು ನಿಲ್ದಾಣದ ಮೆಟ್ಟಿಲಿಳಿಯುವಾಗ ಮೊಣಕಾಲು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಾರಿತು. ಕಂಬಿ ಹಿಡಿದು ಅಲ್ಲೇ ಕುಳಿತೆ.

ತೊಡೆಯ ಮೂಳೆಗೂ ಕೆಳಗಾಲಿನ ಮೂಳೆಗೂ ಹಿಡಿತ ಕೊಡುವ ಲಿಗಮೆಂಟ್ ಪೂರ್ತಿ ಹರಿದಿದೆ ಎಂದು ಸ್ಕ್ಯಾನಿಂಗಿನಲ್ಲಿ ಗೊತ್ತಾಯಿತು. ಅದು ತಾನಾಗಿ ಕೂಡುವುದಿಲ್ಲ ಎಂದರು ಡಾಕ್ಟರು.

ಕೋಲಾರದಲ್ಲಿ ಆಪರೇಷನ್ ಆಯಿತು. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಸೊಂಟದ ಕೆಳಗೆ ನನಗೆ ಮೈಯೇ ಇರಲಿಲ್ಲ. ಎಚ್ಚರವಿತ್ತು. ಹಸಿರು ಪರದೆಯಾಚೆ ಡ್ರಿಲ್ ತಿರುಗುವ ಸದ್ದು, ನಡುವೆ ಡಾಕ್ಟರು ಯಾರಿಗೋ ಲೈಟು ಸರಿಸಲು ಹೇಳಿದ್ದು ಕೇಳಿಸಿತು. ನನ್ನದೇ ತೊಡೆಯ ಹಿಂಬದಿಯ ನರದಂಥ ಪಟ್ಟಿಯೊಂದನ್ನು ತೆಗೆದು, ಮೂಳೆಗಳಲ್ಲಿ ತೂತು ಕೊರೆದು, ಹರಿದದ್ದರ ಜಾಗಕ್ಕೆ ಪೋಣಿಸಿದ್ದರು.

ಮನೆಗೆ ಕಳಿಸುವ ದಿನ ಫಿಸಿಯೋಥೆರಪಿಯ ಹುಡುಗಿ ಬಂದು ಕಾಲು ಮಡಚದಂತೆ ಕಟ್ಟಿದ್ದ ಉದ್ದನೆಯ ಬೆಲ್ಟು ಬಿಚ್ಚಿ, ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ತೋರಿಸಿದಳು. "ನಡೆಯೋವಾಗ ಬೆಲ್ಟಿರ್ಲಿ ಸರ್. ಕೂತಾಗ ದಿನಾ ಮಡಚ್ಬೇಕು. ಮುಂದಿನ ಸಲ ಬರೋ ಹೊತ್ತಿಗೆ ತೊಂಬತ್ತು ಡಿಗ್ರಿ ಬರ್ಬೇಕು, ಕುರ್ಚೀಲಿ ಕೂತ್ರೆ ಇರುತ್ತಲ್ಲ, ಅಷ್ಟು. ಇಲ್ಲಾಂದ್ರೆ ಮತ್ತೆ ಅನಸ್ತೇಷಿಯಾ ಕೊಟ್ಟು ನಾವೇ ಮಡಚ್ಬೇಕಾಗುತ್ತೆ."

ಆ ಕೊನೆಯ ವಾಕ್ಯ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ನಾಲ್ಕು ತಾಲ್ಲೂಕು ನನ್ನ ಓಡಾಟ. ಬೈಕು ಹತ್ತಲು ಮೊಣಕಾಲು ಮಡಚಬೇಕು. ಮತ್ತೊಮ್ಮೆ ಆ ಪರದೆಯ ಈಚೆ ಮಲಗುವ ಧೈರ್ಯವೂ ಇರಲಿಲ್ಲ.

ನನ್ನ ಬಾಡಿಗೆ ಕೋಣೆ ಇರುವುದು ಕಡಿದಾದ ಮೆಟ್ಟಿಲುಗಳ ಮೇಲೆ. ಹಾಗಾಗಿ ಅಕ್ಕ, ಭಾವ ನನ್ನನ್ನು ದೇವರಾಯಸಮುದ್ರದ ಹತ್ತಿರದ ತಮ್ಮ ಮನೆಗೆ ಕರೆದೊಯ್ದರು. ಅವರದು ರೇಷ್ಮೆ ಬೆಳೆ. ನನ್ನ ಮಂಚ ಹಾಕಿದ್ದು ಹುಳುಮನೆಗೆ ಅಂಟಿದ ಕೋಣೆಯಲ್ಲಿ. ಗೋಡೆಯಾಚೆ ಹುಳುಗಳು ಸೊಪ್ಪು ತಿನ್ನುವ ಸದ್ದು, ಯಾರೋ ಬಿಡುವಿಲ್ಲದೆ ಹಳೆಯ ಪತ್ರಿಕೆಗಳನ್ನು ಸಣ್ಣಸಣ್ಣಗೆ ಹರಿಯುತ್ತಿರುವಂತೆ ಕೇಳುತ್ತಿತ್ತು. ಎಲ್ಲವೂ ಕೆಲಸದಲ್ಲಿದ್ದವು, ನನ್ನೊಬ್ಬನ ಹೊರತು. ಫೋನು ತೆಗೆದು ನೋಡುತ್ತಿದ್ದೆ, ಇಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ. ಮುಳಬಾಗಿಲಿನ ಸುದ್ದಿಯನ್ನು ಬೇರೆ ಯಾರೋ ಬರೆದದ್ದನ್ನು ಓದಿ, ಅದರಲ್ಲಿ ಬಿಟ್ಟುಹೋದದ್ದೇನೆಂದು ಹುಡುಕುತ್ತಿದ್ದೆ.

ಮೊದಲ ದಿನವೇ ನೋವು ತಾಳಲಾರದೆ ಸ್ಪ್ರೇ ಹೊಡೆದುಕೊಂಡೆ. ಅರ್ಧ ಕಾಲಿಗೆ, ಅರ್ಧ ಬೆಲ್ಟಿಗೆ ಬಿತ್ತು. ಅಕ್ಕ ಓಡಿ ಬಂದಳು.

"ಏನೋ ಇದು ಘಾಟು! ಹುಳ ಎಲ್ಲಾ ಹೋಗ್ಬಿಡ್ತವೆ ಕಣೋ. ನಿಮ್ಮ ಭಾವ ಬೆಳೆ ಮುಗಿಯೋ ಗಂಟ ಬೀಡಿ ಮುಟ್ಟಲ್ಲ, ಗೊತ್ತಾ?"

ಸ್ಪ್ರೇ ದನದ ಕೊಟ್ಟಿಗೆಯ ಸೂರಿಗೆ ಹೋಯಿತು. ಬೆಲ್ಟನ್ನು ಮಾತ್ರ ಅವಳು ಬಿಚ್ಚಲು ಬಿಡಲಿಲ್ಲ. ಕಾರಣವಿತ್ತು. ಹಿಂದೊಮ್ಮೆ ಭಾವನ ಮುಂಗೈ ಮುರಿದಾಗ ಗಡಿಯಾಚೆ ಹೋಗಿ ನಾಟಿ ಕಟ್ಟು ಕಟ್ಟಿಸಿಕೊಂಡು ಬಂದಿದ್ದರು. ಬಿದಿರ ದಬ್ಬೆ ಇಟ್ಟು ಬಿಗಿದ ಕಟ್ಟು ಬಿಚ್ಚುವವರೆಗೆ ಕೈ ಅಲ್ಲಾಡಿಸಿರಲಿಲ್ಲ, ಕೈ ಚೆನ್ನಾಗಿ ಕೂಡಿತ್ತು. ಈ ಸೀಮೆಯಲ್ಲಿ ಕೀಲು, ಮೂಳೆ ಅಂದರೆ ಮದ್ದು ಒಂದೇ: ಕಟ್ಟು, ಅಲ್ಲಾಡಿಸಬೇಡ. ಅಕ್ಕ ನನ್ನ ಕಾಲಿನ ಎರಡೂ ಬದಿಗೆ ಮಡಚಿದ ಗೋಣಿಚೀಲ ಒತ್ತಿಟ್ಟಳು. ಎದುರುಮನೆಯ ಅಜ್ಜಿ ಬಂದು ಹಾಲು, ಬ್ರೆಡ್ಡು ಇಟ್ಟು, "ಕದಲಕುಂಡಾ ಉಂಡು ನಾಯನಾ" ಎಂದು ತೆಲುಗಿನಲ್ಲಿ ಅವರೂ ಅಲ್ಲಾಡಬೇಡವೆಂದೇ ಹೇಳಿ ಹೋದರು.

"ಮಡಚ್ಬೇಕು ಅಂತ ಆಸ್ಪತ್ರೇಲೇ ಹೇಳಿದ್ದಾರಕ್ಕ. ಇದು ಮೂಳೆ ಮುರಿದಿದ್ದಲ್ಲ."

"ಹೊಸದಾಗಿ ಹೊಲ್ದಿರೋ ಬಟ್ಟೇನ ಹಿಡ್ಕೊಂಡು ಎಳೀತಾರಾ? ಆ ಹುಡ್ಗೀಗೇನು, ಹೇಳ್ತಾಳೆ. ಕಿತ್ಕೊಂಡ್ರೆ ಹೊತ್ಕೊಂಡು ಹೋಗೋರು ನಾವು."

ಅವಳು ಸೊಪ್ಪು ಕೊಯ್ಯಲು ತೋಟಕ್ಕೆ ಹೋದಾಗ ಬೆಲ್ಟು ಸಡಿಲಿಸಿ ಹಿಮ್ಮಡಿ ಎಳೆದುಕೊಳ್ಳಲು ನೋಡುತ್ತಿದ್ದೆ. ಗೇಣಿನಷ್ಟೂ ಬರುತ್ತಿರಲಿಲ್ಲ. ಊದಿದ ಮೊಣಕಾಲಿನೊಳಗೆ ಏನೋ ಬಿಗಿದು ನಿಲ್ಲುತ್ತಿತ್ತು. ಪೋಣಿಸಿದ್ದು ಕಿತ್ತುಬಂದರೆ ಎಂಬ ಭಯ ನನಗೂ ಇತ್ತು. ನೇರ ಹೇಳುವುದಾದರೆ, ಅಕ್ಕನ ಮಾತು ನನ್ನ ನೋವಿಗೆ ಅನುಕೂಲವಾಗಿತ್ತು. ಮತ್ತೆ ಬೆಲ್ಟು ಬಿಗಿದು ಮಲಗುತ್ತಿದ್ದೆ. ಮಲಗಿದರೆ ಆಸ್ಪತ್ರೆಯ ದಿನ ಹತ್ತಿರವಾಗುತ್ತಿರುವುದು ನೆನಪಾಗಿ ಬೆವರುತ್ತಿದ್ದೆ.

ಒಂದು ಬೆಳಿಗ್ಗೆ ಗೋಡೆಯಾಚೆಯ ಸದ್ದು ನಿಂತುಹೋಗಿತ್ತು. ಹುಳುಗಳು ಹಣ್ಣಾಗಿದ್ದವು. ಮೈ ಹಳದಿಗೆ ತಿರುಗಿ, ತಿನ್ನುವುದು ಬಿಟ್ಟು, ತಲೆಯೆತ್ತಿ ಗೂಡು ಕಟ್ಟಲು ಜಾಗ ಹುಡುಕುವ ಹೊತ್ತು ಅದು. ಒಂದೊಂದನ್ನೇ ಆರಿಸಿ ಬಿದಿರು ಹೆಣೆದ ತಟ್ಟಿಗೆ, ಅಂದರೆ ಚಂದ್ರಿಕೆಗೆ, ಬಿಡಬೇಕು. ತಡವಾದರೆ ಸೊಪ್ಪಿನ ಕಸದಲ್ಲೇ ನೂಲು ಬಿಟ್ಟು ಹಾಳಾಗುತ್ತವೆ. ಕೂಲಿಯವರೆಲ್ಲ ಟೊಮ್ಯಾಟೊ ಬಿಡಿಸಲು ಹೋಗಿದ್ದರು.

ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತು ನನ್ನನ್ನೂ ಕಾಲನ್ನೂ ನೋಡಿದಳು. "ಲೇ, ಕೂತ್ಕಂಡು ಹುಳ ಆರಿಸ್ತೀಯಾ?"

"ಪೇಪರ್‌ನೋರಿಗೆ ಕೊನೆಗೂ ಒಂದು ಕೆಲ್ಸ ಸಿಕ್ತು" ಎಂದರು ಭಾವ.

ವಾಕರ್ ಹಿಡಿದು ಹುಳುಮನೆಯ ಬಾಗಿಲಿಗೆ ಬಂದೆ. ಒಳಗಿನ ಬೆಂಚಿನ ಮೇಲೆ ಕುಳ್ಳಿರಿಸುವಾಗ ಅಕ್ಕ ಮೂಗು ಹಿಡಿದಳು. ಬೆಲ್ಟಿನಲ್ಲಿ ಸ್ಪ್ರೇ ವಾಸನೆ ಇನ್ನೂ ಇತ್ತು. ಅವಳು ಯೋಚಿಸಲಿಲ್ಲ, ತಾನೇ ಬಗ್ಗಿ ಪಟ್ಟಿಗಳನ್ನು ಕಿತ್ತು ಬೆಲ್ಟನ್ನು ಅಂಗಳಕ್ಕೆ ಎಸೆದಳು. ಕಾಲನ್ನು ನೆಲದ ಮೇಲೆ ನೇರಕ್ಕೆ ಚಾಚಿಸಿ, "ಹಿಂಗೇ ಇರ್ಲಿ" ಎಂದು ತೋಳುದ್ದದ ತಟ್ಟೆಯನ್ನು ಮುಂದಿಟ್ಟಳು.

ಹಣ್ಣಾದ ಹುಳವನ್ನು ಹಸಿಯದರಿಂದ ಬೇರೆ ಮಾಡಲು ಕಣ್ಣು ಪಳಗಬೇಕು. ಬೆಳಕಿಗೆ ಹಿಡಿದರೆ ಒಳಗೆ ತಿಳಿಯಾಗಿ ಕಾಣುತ್ತದೆ. ಬೆರಳಿಗೆ ತಣ್ಣಗೆ, ಮೆತ್ತಗೆ. ಆರಿಸುತ್ತ ಆರಿಸುತ್ತ ತಟ್ಟೆಯ ಆಚೆ ಅಂಚಿನವಕ್ಕೆ ಬಗ್ಗಿದೆ, ಮತ್ತಷ್ಟು ಬಗ್ಗಿದೆ. ತಟ್ಟೆ ಖಾಲಿಯಾದರೆ ಇನ್ನೊಂದು ಬರುತ್ತಿತ್ತು. ಆಸ್ಪತ್ರೆಗೆ ಸೇರಿದಂದಿನಿಂದ ಮೊದಲ ಬಾರಿಗೆ ಫೋನು ಎಲ್ಲಿದೆಯೆಂದು ಗೊತ್ತಿರಲಿಲ್ಲ.

"ಏನಪ್ಪಾ ಬಾಮೈದ, ಕಾಲೆಲ್ಲಿ ಇಕ್ಕಂಡಿದ್ದೀಯ?" ಎಂದರು ಭಾವ.

ನೋಡಿದೆ. ಹಿಮ್ಮಡಿ ಬೆಂಚಿನ ಕೆಳಗೆ ಹೋಗಿತ್ತು. ಮೊಣಕಾಲು ಮಡಚಿತ್ತು. ನೋಡಿದ ಮೇಲೆ ನೋವು ಬಂತು, ಕಣ್ಣಲ್ಲಿ ನೀರು ತರಿಸುವಷ್ಟು.

"ಅಯ್ಯೋ, ಕಿತ್ಕೊಂಡ್ತೇನೋ!" ಅಕ್ಕನ ಬೊಗಸೆ ತುಂಬ ಹುಳುಗಳಿದ್ದವು. ನನ್ನ ಕಾಲು ನೇರ ಮಾಡಲು ಕೈಯಿರಲಿಲ್ಲ, ಹುಳು ನೆಲಕ್ಕೆ ಬಿಡುವಂತಿರಲಿಲ್ಲ. ಅತ್ತ ಚಂದ್ರಿಕೆ, ಇತ್ತ ನಾನು. ಚಂದ್ರಿಕೆಯ ಕಡೆ ಹೋದಳು. ತಿರುಗಿ ಬರುವಷ್ಟರಲ್ಲಿ ನಾನು ಮುಂದಿನ ತಟ್ಟೆ ಎಳೆದುಕೊಂಡಿದ್ದೆ.

"ಇರ್ಲಿ ಬಿಡಕ್ಕ. ಕಿತ್ತಿಲ್ಲ."

ಅವಳು ನನ್ನ ಕಾಲಿನತ್ತ ಬಗ್ಗಿದಳು. ಹಿಂದಿನಿಂದ ಭಾವ ಇನ್ನೊಂದು ತಟ್ಟೆ ಚಾಚಿದರು.

ಅಂದು ಸಂಜೆ ಮೊಣಕಾಲು ಇನ್ನಷ್ಟು ಊದಿತು. ಮರುದಿನವೂ ಹೋಗಿ ಅದೇ ಬೆಂಚಿನ ಮೇಲೆ ಕುಳಿತೆ, ಅದರ ಮರುದಿನವೂ. ಅಕ್ಕ ಬೇಡವೆನ್ನಲಿಲ್ಲ, ನನ್ನ ಕಾಲಿನ ಕಡೆ ನೋಡಲೂ ಇಲ್ಲ.

ಗೂಡು ಬಿಡಿಸಿ ಕೋಲಾರದ ಮಾರುಕಟ್ಟೆಗೆ ಸಾಗಿಸಿದ ದಿನವೇ ನನ್ನನ್ನೂ ಅದೇ ಗೂಡ್ಸ್ ಗಾಡಿಯಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಫಿಸಿಯೋಥೆರಪಿಯ ಹುಡುಗಿ ಕಾಲು ಮಡಚಿಸಿ, ಮೊಣಕಾಲಿಗೆ ಕೋನ ಅಳೆಯುವ ಪಟ್ಟಿ ಹಿಡಿದಳು. ನಾನು ಗೋಡೆ ನೋಡುತ್ತಿದ್ದೆ.

"ತೊಂಬತ್ತಕ್ಕೆ ಒಂಚೂರು ಕಮ್ಮಿ ಸರ್. ಪರ್ವಾಗಿಲ್ಲ, ಅನಸ್ತೇಷಿಯಾ ಏನೂ ಬೇಡ."

"ಮೊದ್ಲು ಅಲ್ಲಾಡಿಸ್ದೆ ಇಟ್ಟಿದ್ವಲ್ಲಮ್ಮ, ಅದಕ್ಕೇ ಇವತ್ತು ಇಷ್ಟು ಚೆನ್ನಾಗಿ ಮಡಚಿದ್ದು" ಎಂದಳು ಅಕ್ಕ.

ಹುಡುಗಿ ನನ್ನ ಮುಖ ನೋಡಿದಳು. ಎರಡೂ ಕಡೆಯ ಹೇಳಿಕೆ ಪಡೆದ ವರದಿಗಾರನಂತೆ ನಾನು ಇಬ್ಬರಿಗೂ ತಲೆಯಾಡಿಸಿ ವಾಕರ್ ಎಳೆದುಕೊಂಡೆ.

ಹಿಂದಿರುಗುವಾಗ ಗಾಡಿಯ ಮುಂದಿನ ಸೀಟಿನಲ್ಲಿ ಭಾವ, ಅಕ್ಕ, ಅಂಚಿಗೆ ನಾನು. ಎಡಗಾಲು ಚಾಚಿದ್ದರಿಂದ ಬಾಗಿಲು ಮುಚ್ಚಲಾಗುತ್ತಿರಲಿಲ್ಲ. ಭಾವ ಇಂಜಿನ್ ಶುರು ಮಾಡಿಯಾಗಿತ್ತು.

"ಮಡಚ್ಕೊಳ್ಳೋ ಕಾಲು" ಎಂದಳು ಅಕ್ಕ, "ಬಾಗ್ಲು ಹಾಕ್ಬೇಡ್ವಾ?"