ಅತ್ತೆಯ ಮೈಮೇಲೆ ಬಂದಿದ್ದು

ಬೇಕರಿ ಮುಂದೆ ಹೋಗುವಾಗ ಬಿಸಿ ಬನ್ನಿನ ವಾಸನೆ ಬಂದರೆ ನಿಮಗೆ ಹಸಿವಾಗಬಹುದು. ನನಗೆ ನಗು ಬರುತ್ತದೆ. ಶಿಡ್ಲಘಟ್ಟದ ನಮ್ಮ ಸರೋಜತ್ತೆ ನೆನಪಾಗುತ್ತಾಳೆ.

ಅತ್ತೆ, ಅಂದರೆ ಅಪ್ಪನ ತಂಗಿ, ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದಳು. ಒಂಟಿ ಜೀವ, ಅಡುಗೆಯೆಂದರೆ ಬೇಸರ. ಬೆಳಿಗ್ಗೆ ಬನ್ನು, ಮಧ್ಯಾಹ್ನ ಚಪಾತಿ, ನಡುನಡುವೆ ಟೀಗೆ ರಸ್ಕು. "ಮುದ್ದೆ ತಿರುವೋಕೆ ಯಾರಿಗಮ್ಮ ಪುರುಸೊತ್ತು?" ಅನ್ನೋಳು. ಕೆಲವು ವರ್ಷಗಳ ಹಿಂದೆ ಅವಳ ನಡಿಗೆ ಯಾಕೋ ಓಲಾಡತೊಡಗಿತು. ಸೂಜಿಗೆ ದಾರ ಪೋಣಿಸಲು ಕೈ ನಿಲ್ಲದು. ನನಗೆ ಹೊಲಿದ ಬ್ಲೌಸಿನ ಒಂದು ತೋಳು ಮೊಣಕೈವರೆಗಿತ್ತು, ಇನ್ನೊಂದು ಭುಜದಲ್ಲೇ ನಿಂತಿತ್ತು. ಫ್ಯಾಷನ್ ಅಂತ ಹೇಳಿಕೊಂಡು ಹಾಕಿದೆ.

ಒಂದು ಶುಕ್ರವಾರ ತಲೆಗೆ ಸ್ನಾನ ಮಾಡಿ, ಕೂದಲು ಬಿಟ್ಟುಕೊಂಡು, ಬಾಗಿಲಲ್ಲಿ ತೂಗಾಡುತ್ತ ನಿಂತಿದ್ದಳು. ಎದುರುಮನೆ ನಾರಾಯಣಮ್ಮ ಬಿಂದಿಗೆ ಕೆಳಗಿಟ್ಟು ಕೈಮುಗಿದಳು. "ಅಮ್ಮೋರು ಬಂದವ್ರೆ! ತಲ್ಲೀ, ನನ್ನ ಮಗಳ ಮದ್ವೆ ಯಾವಾಗ?"

"ನಂಗೇನೇ ಗೊತ್ತು? ಮೊದ್ಲು ಡಿಗ್ರಿ ಮುಗಿಸ್ಲಿ," ಅಂದಳು ಅತ್ತೆ, ನಾಲಿಗೆ ತೊದಲುತ್ತ.

ತೊದಲಿದ ಮೇಲೆ ದೇವರೇ ತಾನೆ! ಹುಡುಗಿ ಡಿಗ್ರಿ ಮುಗಿಸಿದಳು, ಕೆಲಸವೂ ಸಿಕ್ಕಿತು. ಅಲ್ಲಿಂದ ಶುಕ್ರವಾರ ಬಂತೆಂದರೆ ಜನ. ಬರಿಗೈಲಿ ಬರುತ್ತಾರಾ? ಹೋಳಿಗೆ, ಚಿರೋಟಿ, ಗೋಧಿ ಪಾಯಸ. ಅತ್ತೆ ತಿಂದಷ್ಟೂ ಓಲಾಡಿದಳು, ಓಲಾಡಿದಷ್ಟೂ ಹೋಳಿಗೆ ಬಂತು.

"ದೇವರೂ ಇಲ್ಲ ಗೀವರೂ ಇಲ್ಲ ಕಣೇ," ಎಂದು ಒಂದು ದಿನ ನನ್ನ ಕೈ ಹಿಡಿದಳು. "ಮಿಷನ್ ತುಳಿಯೋಕಾಗ್ತಿಲ್ಲ. ಭಯ ಆಗ್ತಿದೆ."

ಬೆಂಗಳೂರಿಗೆ ಕರೆದುಕೊಂಡು ಹೋದೆ. ನರರೋಗದ ಡಾಕ್ಟರು ನೆಟ್ಟಗೆ ನಡೆಸಿ ನೋಡಿದರು, ಸ್ಕ್ಯಾನು, ರಕ್ತಪರೀಕ್ಷೆ ಮಾಡಿಸಿದರು. ಗೋಧಿಯಲ್ಲಿರುವ ಗ್ಲುಟೆನ್ ಅವಳ ಮೈಗೆ ಒಗ್ಗದೆ, ನಡಿಗೆಯನ್ನು ಹತೋಟಿಯಲ್ಲಿಡುವ ಮಿದುಳಿನ ಭಾಗಕ್ಕೇ ಪೆಟ್ಟು ಬೀಳುತ್ತಿತ್ತಂತೆ. "ಗೋಧಿ, ಮೈದಾ, ರವೆ ಪೂರ್ತಿ ಬಿಡಬೇಕಮ್ಮ. ಹೋಗಿದ್ದೆಲ್ಲ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ."

"ಮತ್ತೇನು ತಿನ್ನಲಿ?"

"ರಾಗಿಮುದ್ದೆ ತಿನ್ನಿ."

"ನಮ್ಮಮ್ಮ ಇದನ್ನ ಬೈದು ಹೇಳ್ತಿದ್ಳು, ನೀವು ಸ್ಕ್ಯಾನ್ ಮಾಡಿ ಹೇಳಿದ್ರಿ," ಅಂದಳು ಅತ್ತೆ. ಡಾಕ್ಟರು ನಕ್ಕರು.

ತಿಂಗಳುಗಟ್ಟಲೆ ಹಿಡಿಯಿತು. ಓಲಾಟ ಪೂರ್ತಿ ಹೋಗಲಿಲ್ಲ, ತಿರುಗುವಾಗ ಈಗಲೂ ಗೋಡೆ ಬೇಕು. ಆದರೆ ಮಿಷನ್ ಮತ್ತೆ ಓಡುತ್ತಿದೆ. ಜನ ಮಾತ್ರ ಕರಗಿದರು. ನೆಟ್ಟಗೆ ನಿಂತ ದೇವರನ್ನು ಯಾರು ಕೇಳುತ್ತಾರೆ?

ಮೊನ್ನೆ ಹೋದಾಗ ನಾರಾಯಣಮ್ಮ ಒಬ್ಬಳೇ ಚಾಪೆ ಮೇಲೆ ಕೂತು ತನ್ನ ಸೊಸೆಯ ವಿಷಯ ಹೇಳುತ್ತಿದ್ದಳು. ಅತ್ತೆ ಹೊಲಿಯುತ್ತ ಕೇಳುತ್ತಿದ್ದಳು.

"ಅಮ್ಮೋರು ಹೋಗಿಬಿಟ್ರಲ್ಲ, ಇನ್ನೂ ಬರ್ತೀರಲ್ಲ?" ಅಂದೆ.

"ಹೋದ್ರೆ ಹೋಗ್ಲಿ ಬಿಡಮ್ಮ. ಈಯಮ್ಮ ಹೇಳೋದು ಸರಿಯಾಗಿರ್ತದೆ."

ನಗಲು ಹೊರಟವಳು ನಾರಾಯಣಮ್ಮನ ಪಕ್ಕ ಕೂತೆ. ನನಗೂ ಅತ್ತೆಯನ್ನು ಒಂದು ವಿಷಯ ಕೇಳುವುದಿತ್ತು.