ಅರಮನೆಯ ಲಕ್ಷ್ಮಿಯ ಅಭಯದ ಕೈ

ನಮ್ಮ ಹೊನ್ನಾವರಕ್ಕೆ ರೈಲು ಬಂದ ಹೊಸತು. ಘಟ್ಟದ ಮೇಲಿನ ಒಂದು ಅರಮನೆಯಲ್ಲಿ ಬಾಗಿಲುಗಳ ಕೆತ್ತನೆ ದುರಸ್ತಿಗೆ ಅಪ್ಪನನ್ನೂ ನನ್ನನ್ನೂ ಕರೆಸಿದ್ದರು. ಅರ್ಧ ಅರಮನೆ ದುಡ್ಡಿದ್ದವರ ಹೋಟೆಲ್, ಇನ್ನರ್ಧ ಮ್ಯೂಸಿಯಂ. ರಾಣಿಯರ ಕೋಣೆಯ ಕಿಟಕಿಯಲ್ಲಿ ಫಾರಿನ್ನಿನವರು ಚಡ್ಡಿ ಒಣಹಾಕಿದ್ದು ನೋಡಿ ನನಗೆ ನಗು, ಅಪ್ಪನಿಗೆ ಸಿಟ್ಟು. ಗಂಧದ ಕೆತ್ತನೆ ನಮ್ಮ ಮನೆತನದ ಕಸುಬು.

ಹೊರಡುವಾಗ ಮ್ಯಾನೇಜರು ಮ್ಯೂಸಿಯಂನ ಗಂಧದ ಲಕ್ಷ್ಮಿಯೊಂದನ್ನು ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಅಭಯದ ಕೈ ಮಣಿಕಟ್ಟಿನ ಬಳಿ ಮುರಿದಿತ್ತು. "ನಿಧಾನವಾಗಿ ಸರಿಮಾಡಿಡಿ ಯಜಮಾನ್ರೇ, ನಾನೇ ಬಂದು ತಗೊಂಡು ಹೋಗ್ತೀನಿ" ಎಂದರು.

ಅಪ್ಪ ಎರಡು ತಿಂಗಳು ಕೂತು ಹೊಸ ಲಕ್ಷ್ಮಿಯನ್ನೇ ಕೆತ್ತಿದ. ಹಳೆಯದಕ್ಕೆ ಹೂವೇರಿಸಿ, ತಿರುಗಿ ದಡಕ್ಕೆ ಬಾರದಿರಲೆಂದು ಸಮುದ್ರದ ಇಳಿತದ ಹೊತ್ತು ನೋಡಿ ಶರಾವತಿಗೆ ಬಿಟ್ಟ. ಮುರಿದು ಭಿನ್ನವಾದ ಮೂರ್ತಿಗೆ ನಮ್ಮಲ್ಲಿ ಅಂಟು ಹಾಕುವುದಿಲ್ಲ, ನೀರಿಗೆ ಬಿಡುತ್ತೇವೆ. ನಾನೂ ಪಕ್ಕದಲ್ಲಿ ನಿಂತು ಕೈಮುಗಿದೆ. ಮ್ಯೂಸಿಯಂಗೆ ಬೇಕಾದದ್ದು ಆ ಮುರಿದದ್ದೇ ಎಂಬುದು ನನ್ನ ಮಂಡೆಗೂ ಹೊಳೆಯಲಿಲ್ಲ.

ಮ್ಯಾನೇಜರು ಬಂದು ಹೊಸದನ್ನು ತಿರುಗಿಸಿ ನೋಡಿದರು. "ಹಳೇದು ಎಲ್ಲಿ?"

"ಹೊಳೆಗೆ ಬಿಟ್ಟೆ ಸಾಹೇಬ್ರೆ. ಮುರಿದ ದೇವ್ರು ಅರಮನೆಗೆ ಎಂತಕ್ಕೆ?" ಅಪ್ಪ ಹೆಮ್ಮೆಯಿಂದಲೇ ಹೇಳಿದ.

ಅವರ ಮುಖ ಬಿಳಿಚಿಕೊಂಡಿತು. "ಅಯ್ಯೋ, ಅದು ರಾಜರ ಕಾಲದ್ದು! ಕದ್ದು ಮಾರಿದಿರಿ ಅಂತಾರೆ. ನನ್ನ ಕೆಲಸ ಹೋಗುತ್ತೆ, ನೀವು ಜೈಲಿಗೆ."

ಮೂರು ದಿನ ದೋಣಿಯವರ ಕಾಲು ಹಿಡಿದು, ಹೊಳೆ ಸಮುದ್ರ ಸೇರುವ ಅಳಿವೆಯವರೆಗೂ ಹುಡುಕಿಸಿದೆ. ಚಿಪ್ಪಿ ಹೆಕ್ಕುವವರಿಂದ ಮುಳುಗು ಹಾಕಿಸಿದೆ. ಅಷ್ಟು ಲೆಕ್ಕ ಹಾಕಿ ಇಳಿತಕ್ಕೆ ಬಿಟ್ಟದ್ದು ಸಿಗುವುದುಂಟೇ? ಅಪ್ಪನ ಬುದ್ಧಿವಂತಿಕೆಗೆ ಶಾಪ ಹಾಕುತ್ತ, ದಡದಲ್ಲಿ ಕೂತು ಗೊಳೋ ಎಂದು ಅತ್ತೆ.

ಲಾಡ್ಜಿನಲ್ಲಿ ಉಳಿದಿದ್ದ ಮ್ಯಾನೇಜರು ಮೂರನೆಯ ದಿನ ಬಂದು, ಬಾಗಿಲು ಹಾಕಿ, ದನಿ ತಗ್ಗಿಸಿದರು. "ಇದನ್ನೇ ಹಳೇದು ಅಂತ ಇಡ್ತೀನಿ. ಬಣ್ಣ ಸ್ವಲ್ಪ ಮಾಸಿಸಿ. ಕೈ ಮುರಿದು ಅಂಟಿಸಿದ ಗುರುತು ಮಾತ್ರ ಕಾಣಲೇಬೇಕು. ಇಲ್ಲದಿದ್ರೆ ನಂಬಲ್ಲ."

ಅಪ್ಪ ಉಳಿ ತೆಗೆದುಕೊಂಡ, ಇಟ್ಟ, ಮತ್ತೆ ತೆಗೆದುಕೊಂಡ. "ನನ್ನ ಕೈಲಿ ಆಗುದಿಲ್ಲ ಮಗಾ. ನಾ ಜೈಲಿಗೇ ಹೋಗ್ತೆ."

ನಾನು ಉಳಿ ಕಿತ್ತುಕೊಂಡೆ. ಒಂದೇ ಏಟಿಗೆ ಲಕ್ಷ್ಮಿಯ ಕೈ ಕಳಚಿ ಬಂತು. ಅಪ್ಪ ಎರಡೂ ಕಿವಿ ಮುಚ್ಚಿಕೊಂಡು ಗೋಡೆಯ ಕಡೆ ತಿರುಗಿ ಕೂತಿದ್ದ. ಅಂಟು ಹಚ್ಚಿ, ಬಣ್ಣ ಮಾಸಿಸಿ, ಬಟ್ಟೆಯಲ್ಲಿ ಸುತ್ತಿ ಕೊಟ್ಟೆ.

ಜೀಪು ತಿರುವು ದಾಟಿದ ಮೇಲೆ ಅಪ್ಪ ಮೊದಲ ಸಲ ನನ್ನ ಮುಖ ನೋಡಿದ.

"ಅದನ್ನ ಯಾರು ನೀರಿಗೆ ಬಿಡೂದು?"