ಬಾಟ್ಲಿಯೊಳಗಿನ ಮಧುನಾಶಿನಿ

ಅಮ್ಮಣ್ಣಿಯ ಕಿವಿಗೆ ಸುಧಾಕರನ ಸುದ್ದಿ ಮೊದಲು ಬಿದ್ದದ್ದು ಬ್ರಹ್ಮಾವರದಿಂದ ಬರುವ ಬಸ್ಸಿನಲ್ಲಿ. ಪಕ್ಕದ ಸೀಟಿನ ಚಂದ್ರಮತಿ ತೊಡೆ ತಿವಿದು ಹೇಳಿದಳು: "ಹ್ವಾಯ್ ಅಮ್ಮಣ್ಣಕ್ಕ, ನಿಮ್ಮ್ ತೆಕ್ಕಟ್ಟೆ ಪ್ರಫುಲ್ಲನ ಗಂಡ ಬಾಟ್ಲಿ ಒಳ್ಗೆ ಗಿಡ ಹುಟ್ಟಿಸ್ತ ಅಂಬ್ರ್!"

"ಸೂಲಗಿತ್ತಿ ಯಾರ್ ಮಾರಾಯ್ತಿ?" ಎಂದಳು ಅಮ್ಮಣ್ಣಿ. ಅರ್ಧ ಬಸ್ಸು ನಕ್ಕಿತು.

ಈ ಸುಧಾಕರ ಬೈಂದೂರಿನವ. ಅಲ್ಲಿ ವೆನಿಲ್ಲಾ ಬೆಳೆದು ಕೊಳೆಸಿದ್ದ, ಸಿಗಡಿ ಸಾಕಿ ಕೊಕ್ಕರೆಗಳನ್ನು ಕೊಬ್ಬಿಸಿದ್ದ. ಮಾವ ತೀರಿದ ಮೇಲೆ ತೆಕ್ಕಟ್ಟೆಗೆ ಬಂದು, ಅವರ ಐಸ್‌ಕ್ಯಾಂಡಿ ಕೋಣೆಗೆ ಗಾಜು ಕೂರಿಸಿ ಟಿಶ್ಯೂ ಕಲ್ಚರ್ ಲ್ಯಾಬ್ ಎಂದು ಬೋರ್ಡು ಹಾಕಿದ. ಎಲ್ಲೋ ಒಂದು ವಾರ ತರಬೇತಿಯೂ ಆಗಿತ್ತಂತೆ.

ತಾಯಿಗಿಡ ಹುಡುಕುತ್ತಾ ಅಮ್ಮಣ್ಣಿಯ ಬೇಲಿಗೆ ಬಂದ. ಅಲ್ಲಿ ಅವಳ ಗಂಡ ನೆಟ್ಟು ಹೋದ ಮಧುನಾಶಿನಿ ಹಬ್ಬಿತ್ತು. ಎಲೆ ಜಗಿದು ಬೆಲ್ಲ ತಿಂದರೆ ಮಣ್ಣು ತಿಂದ ಹಾಗೆ. ಊರಿನ ಸಕ್ಕರೆ ಕಾಯಿಲೆಯವರಿಗೆಲ್ಲ ಆ ಬೇಲಿಯೇ ಔಷಧಿ ಅಂಗಡಿ.

"ಅಮ್ಮಣ್ಣಕ್ಕ, ಒಂದ್ ಗಿಣ್ಣಿಂದ ಸಾವ್ರ ಗಿಡ ಮಾಡ್ತೆ. ನಾಕ್ ಕುಡಿ ಸಾಕ್."

ನಾಲ್ಕು ಎಂದವನು ಬಳ್ಳಿಗೆ ಮುಡಿ ತೆಗೆದು ಹೋದ. ಬುಡವೊಂದೇ ಉಳಿಯಿತು.

ಆಮೇಲಿನ ಅವನ ಮಡಿ ಯಾವ ಭಟ್ಟರಿಗೂ ಇಲ್ಲ. ಬಿಳಿ ಕೋಟು, ತಲೆಗೆ ಟೋಪಿ, ಬಾಯಿಗೆ ಮಾಸ್ಕು. ಬಾಟ್ಲಿಯಲ್ಲಿ ಸಕ್ಕರೆ ಹಾಕಿ ಕುದಿಸಿದ ಜೆಲ್ಲಿ, ಅದರ ಮೇಲೆ ಕುಡಿ. ಹೊರಗಿನ ಗಾಳಿ ತಾಗಿದರೆ ಬೂಷ್ಟು.

"ಸಕ್ರೆ ಕೊಲ್ಲು ಗಿಡುಕ್ಕೆ ಸಕ್ರೆ ಕುಡ್ಸ್ತ್ಯಾ?" ಎಂದು ಅಮ್ಮಣ್ಣಿ ಇಣುಕಿದಳು.

"ಒಳ್ಗ್ ಬಪ್ಪುಕಿಲ್ಲೆ! ನಿಮ್ಮ್ ಸೀರೆ ಮೇಲೆ ಕೋಟಿ ಹುಳ ಇತ್ತ್."

"ನನ್ ಬೇಲಿಗೆ ಬಂದಾಗ ನಿನ್ನ್ ಲುಂಗಿ ಮೇಲೆ ಎಷ್ಟಿತ್ತಾ?"

ಏನೇ ಹೇಳಿ, ಗಿಡ ಬಂತು. ಬಾಟ್ಲಿ ಬಾಟ್ಲಿಯಲ್ಲೂ ಬೆರಳುದ್ದದ ಹಸಿರು. ಬ್ರಹ್ಮಾವರದ ಔಷಧಿ ವ್ಯಾಪಾರಿ ಅಶೋಕ್, ನವರಾತ್ರಿ ಕಳೆದು ಬಂದು ನೋಡುತ್ತೇನೆ, ಮನಸ್ಸಿಗೆ ಬಂದರೆ ಅಷ್ಟೂ ನನಗೇ ಎಂದ. ಆ ಆರ್ಡರ್ ತಪ್ಪಿದರೆ ಮತ್ತೆ ಐಸ್‌ಕ್ಯಾಂಡಿಯೇ ಎಂದು ಪ್ರಫುಲ್ಲಾ ಗಂಡನಿಗೆ ಖಡಾಖಂಡಿತ ಹೇಳಿಬಿಟ್ಟಳು.

ಆಯುಧಪೂಜೆ ಬಂತು. ಸ್ಕೂಟರಿಗೆ, ಕತ್ತಿಗೆ, ಕುಕ್ಕರಿಗೆಲ್ಲ ಗಂಧ ಹಚ್ಚಿದವನಿಗೆ ಬಾಟ್ಲಿಗಳನ್ನು ಬಿಡಲು ಮನಸ್ಸಾಗಲಿಲ್ಲ. ಕೋಟು ತೊಟ್ಟು, ಮಾಸ್ಕು ಕಟ್ಟಿ, ಒಂದೊಂದೇ ಮುಚ್ಚಳ ತೆಗೆದು ಮಾವಿನೆಲೆಯಿಂದ ತೀರ್ಥ ಪ್ರೋಕ್ಷಿಸಿದ.

"ಮುಚ್ಚಳದ ಮೇಲೆ ಹಾಕಿರೆ ಸಾಲ್ದಾ?" ಎಂದಳು ಪ್ರಫುಲ್ಲಾ.

"ಗಿಡುಕ್ಕೆ ಮುಟ್ಕಲೆ! ತೀರ್ಥದ ಒಳ್ಗೆ ಎಂತ ಹುಳ ಇತ್ತ್?"

ಇದ್ದವು. ವಾರ ಕಳೆಯುವುದರೊಳಗೆ ಬಾಟ್ಲಿಗಳಲ್ಲಿ ಬಿಳಿ, ಕಪ್ಪು, ಹಳದಿ ಬೂಷ್ಟು ಸೊಂಪಾಗಿ ಎದ್ದಿತು. ಈಗ ಅಮ್ಮಣ್ಣಿಗೂ ಒಳಗೆ ಪ್ರವೇಶ ಸಿಕ್ಕಿತು.

"ಹತ್ತಿ ಬೆಳೆ ಲಾಯ್ಕ್ ಬಂದಿತ್ತ್ ಸುಧಾಕರ" ಎಂದಳು.

ಅವನು ನಗಲಿಲ್ಲ. ಸಂಜೆ ಅವಳ ಬೇಲಿಗೆ ಬಂದು ನಿಂತ. ಬುಡ ಮತ್ತೆ ಚಿಗುರಿ ಗೂಟ ಹತ್ತಿತ್ತು. ಅದನ್ನು ಅಗೆದು ಕೊಟ್ಟರೆ ತುಂಡು ಮಾಡಿ ಕುಂಡಗಳಲ್ಲಿ ಊರಿ ಅಶೋಕ್‌ಗೆ ತೋರಿಸುತ್ತೇನೆ ಎಂದ. ಅಮ್ಮಣ್ಣಿ ಅಂಗಳದ ಮೂಲೆಯಲ್ಲಿದ್ದ ಕತ್ತಿ ಎತ್ತಿ ಒಳಗಿಟ್ಟು ಬಂದಳು.

ಸುಧಾಕರ ಜೇಬಿನಿಂದ ಆ ಬಿಳಿ ಟೋಪಿ ತೆಗೆದು ಅವಳ ಮುಂದೆ ಹಿಡಿದ.

"ಹಂಗಾರೆ ಅಮ್ಮಣ್ಣಕ್ಕ, ನಾಳೆ ಅಶೋಕ್‌ರನ್ನ ಇಲ್ಲಿಗೇ ಕರ್ಕಂಡ್ ಬತ್ತೆ. ನೀವ್ ಈ ಟೋಪಿ ಹಾಯ್ಕಂಡ್, ಈ ಬಳ್ಳಿ ನಮ್ಮ್ ಬಾಟ್ಲಿ ಒಳ್ಗೇ ಹುಟ್ಟಿದ್ದ್ ಅಂದೇಳಿ ಒಂದ್ ಮಾತ್ ಹೇಳ್ತ್ರ್ಯಾ?"